ದುಪ್ಪಟಿಯ ಮೇಲೆ ಈಜಿದ ಮೀನು

ಗೆಂಡೆಹಳ್ಳಿ ಶಾಲೆ

ಮಗ ಇಂದ್ರೇಶನಿಗೆ,
ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾರ್ಡು. ಮನೆ ನಡೆಯುತ್ತಿಲ್ಲ ಎಂದು ನೀನು ರೇಗಿದ್ದಕ್ಕೆ ನಿನ್ನ ಹೆಂಡತಿ ಮೇಷ್ಟ್ರುಗಳ ಕಂಪ್ಯೂಟರ್ ತರಬೇತಿ ಬಿಟ್ಟು ಹೊರಡಲು ಚೀಲ ಕಟ್ಟಿದ್ದಳು. ಸಂಜೆ ತರಬೇತಿ ಕೊಡುವ ಯೂನಿವರ್ಸಿಟಿಯವರು ನನ್ನ ಬಿಳಿ ದುಪ್ಪಟಿಯನ್ನೇ ಗೋಡೆಗೆ ಕಟ್ಟಿ, ಕಿಟಕಿ ಮುಚ್ಚಿ, ಮೇಷ್ಟ್ರುಗಳೆಲ್ಲ ಕಂಪ್ಯೂಟರಿನಲ್ಲಿ ಬರೆದ ಚಿತ್ರ ಅದರ ಮೇಲೆ ಬಿಟ್ಟರು. ನೀಲಿ ಬೆಳಕಿನಲ್ಲಿ ಒಂದು ಮೀನು ಮೆಲ್ಲಗೆ ಈಜಿಕೊಂಡು ಬಂತು. ಫ್ಯಾನಿನ ಗಾಳಿಗೆ ದುಪ್ಪಟಿ ಅಲುಗಿದರೆ ಕೆರೆಯೇ ಅಲುಗಿದಂತೆ. ನಾನು ನೋಡಿಕೊಳ್ಳಲು ಬಂದ ನಿಮ್ಮ ಕೂಸು ಅಳು ನಿಲ್ಲಿಸಿ ನನ್ನ ತೊಡೆಯಿಂದಲೇ ಕೈ ಚಾಚಿತು. ನಾನೂ ನೀರೊಳಗೆ ಕೂತಂತಿದ್ದೆ.

"ಅತ್ತೆ, ಆ ಮೀನು ನಾನ್ ಮಾಡಿದ್ದು," ಅಂದಳು ಪ್ರತಿಮಾ.

"ಹಂಗಾದ್ರೆ ಚೀಲ ಬಿಚ್ಚೇ," ಅಂದೆ.

ಕೂಸಿನ ನೆಗಡಿ ವಾಸಿ. ತರಬೇತಿ ಮುಗಿಸಿಯೇ ಬರುತ್ತೇವೆ. ಅಲ್ಲಿವರೆಗೆ ಮುದ್ದೆ ನೀನೇ ತಿರುವಿಕೋ.

ನಿನ್ನವ್ವ