ಹತ್ತು ಹೆಜ್ಜೆಗೆ ಮಾಯವಾಗುವ ಕುಂಟು

ಮಾನ್ಯ ವೈದ್ಯಾಧಿಕಾರಿಗಳೇ,

ತಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನೆಂಟು ವರ್ಷ ದುಡಿದ ಹೆಂಗಸೊಬ್ಬಳು, ಹೊರೆ ಹೊತ್ತು ಮೆಟ್ಟಿಲು ಹತ್ತಲಾಗುತ್ತಿಲ್ಲ, ಬಟ್ಟೆ ಮಡಚುವ ಮೇಜಿಗೆ ಹಾಕಿ ಎಂದು ಅರ್ಜಿ ಕೊಟ್ಟಳು. ತಾವು ಅವಳ ಮೊಣಕಾಲನ್ನು ಮುಟ್ಟಿಯೂ ನೋಡದೆ ತಿರಸ್ಕರಿಸಿದಿರಿ. ಕಾರಣದ ಜಾಗದಲ್ಲಿ ಒಂದೇ ಪದ: ನಟನೆ. ಆ ಪದ ತಮ್ಮದಲ್ಲ. 'ಮೇಲ್ವಿಚಾರಕರ ಷರಾ' ಎಂಬಲ್ಲಿ ಅದನ್ನು ಮೊದಲು ಬರೆದವನು ನಾನು, ತಾವು ನಕಲು ಮಾಡಿದಿರಿ. ಅವಳು ನನ್ನ ಒಡಹುಟ್ಟಿದ ಅಕ್ಕ.

ಹಾಗೇಕೆ ಬರೆದೆ? ಚಹಾ ವಿರಾಮ ಮುಗಿದಾಗ ಅಕ್ಕ ಮೇಜು ಹಿಡಿದು ಏಳುತ್ತಿದ್ದಳು, ಕುಂಟುತ್ತಿದ್ದಳು, ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನೆಟ್ಟಗೆ ನಡೆಯುತ್ತಿದ್ದಳು. ನಿಜವಾದ ನೋವಾದರೆ ಹತ್ತು ಹೆಜ್ಜೆಗೆ ಹೋಗುತ್ತದೆಯೇ ಎಂದು ನನ್ನ ಮಹಾಬುದ್ಧಿ ಕೇಳಿತು. ಅದಕ್ಕಿಂತ ನಾಚಿಕೆಗೇಡಿನ ಕಾರಣ ಇನ್ನೊಂದಿದೆ. ಅಕ್ಕನೆಂದು ರಿಯಾಯಿತಿ ತೋರಿಸಿದ ಎಂದು ಯಾರಾದರೂ ಆಡಿಕೊಂಡಾರು ಎಂದು ಹೆದರಿದೆ. ಬೇರೆ ಯಾರಾಗಿದ್ದರೂ 'ಪರಿಶೀಲಿಸಬಹುದು' ಎಂದು ಬರೆಯುತ್ತಿದ್ದೆ.

ಕಳೆದ ವಾರ ಅವಳು ಮೂಳೆ ವಿಭಾಗಕ್ಕೇ ಹಾಸಿಗೆ ಬಟ್ಟೆ ಒಯ್ಯುವಾಗ ಮೆಟ್ಟಿಲ ಮೇಲೆ ಮೊಣಕಾಲು ಕೈಕೊಟ್ಟಿತು. ಗೋಡೆ ಹಿಡಿದು ಹೇಗೋ ಕುಳಿತಳು. ಓಡಿಹೋಗಿ ಕಾಲು ಹಿಡಿದೆ. ಮಡಚಿದರೆ ಒಳಗೆ ಕರಕರ ಎನ್ನುವುದು ನನ್ನ ಅಂಗೈಗೇ ತಿಳಿಯಿತು.

"ಯಾರಿಗೂ ಹೇಳ್ಬೇಡ ಕಣೋ," ಎಂದಳು. "ಮತ್ತೆ ನಾಟಕ ಅಂತಾರೆ. ನಿಂಗೂ ಕೆಟ್ಟ ಹೆಸರು."

ಅಲ್ಲೇ ಇಳಿದು ಬರುತ್ತಿದ್ದ ಮೂಳೆ ವಿಭಾಗದ ಕಿರಿಯ ವೈದ್ಯೆ ನಿಂತರು. "ಬೆಳಿಗ್ಗೆ ಎದ್ದಾಗ ಕಾಲು ಬಿಗಿದಿರುತ್ತಾ ಅಮ್ಮಾ?"

"ಒಂದ್ ಹದಿನೈದು ನಿಮಿಷ. ಆಮೇಲೆ ಬಿಡುತ್ತೆ."

"ಕೂತು ಎದ್ದಾಗಲೂ? ಕೆಲಸ ಮಾಡ್ತಾ ಮಾಡ್ತಾ ಸಂಜೆಗೆ ನೋವು ಜಾಸ್ತಿ?"

ಅಕ್ಕ ಹೌದೆಂದು ತಲೆಯಾಡಿಸಿದಳು. ವೈದ್ಯೆ ಅವಳ ಬೆರಳ ತುದಿಯ ಗಂಟುಗಳನ್ನು ಒತ್ತಿ ನೋಡಿ, ಕೀಲು ಸವೆತದ ಲಕ್ಷಣಗಳಿವು, ಎಕ್ಸ್‌ರೇ ತೆಗೆಸಿ ಎಂದರು. ಕೂತಲ್ಲಿ ಬಿಗಿಯುವುದು, ನಾಲ್ಕು ಹೆಜ್ಜೆಗೆ ಸಡಿಲವಾಗುವುದು ಈ ರೋಗದ ಸ್ವಭಾವವಂತೆ. ನಾನು ನಟನೆಗೆ ಸಾಕ್ಷಿ ಎಂದುಕೊಂಡದ್ದೇ ರೋಗಕ್ಕೆ ಸಾಕ್ಷಿಯಾಗಿತ್ತು. ಎರಡು ನಿಮಿಷದ ಮಾತು, ಮಾನ್ಯರೇ. ಅದಕ್ಕೆ ಯಂತ್ರ ಬೇಕಿರಲಿಲ್ಲ.

ನಾನಾದರೋ ಓದದವನು. ತಾವು? ತಮ್ಮ ನಮೂನೆ 'ಬಿದ್ದಿದ್ದೀರಾ? ಮೂಳೆ ಮುರಿದಿದೆಯೇ?' ಎಂದು ಕೇಳುತ್ತದೆ, ಸವೆದಿದೆಯೇ ಎಂದು ಕೇಳುವುದಿಲ್ಲ. ತಪಾಸಣೆಗೆ ಕರೆಯುವುದು ಹನ್ನೊಂದಕ್ಕೆ, ಬೆಳಗಿನ ಬಿಗಿತವೆಲ್ಲ ಕೆಲಸದಲ್ಲಿ ಕರಗಿದ ಮೇಲೆ. ಕಾಲಿನ ಬದಲು ಮೇಲ್ವಿಚಾರಕನ ಅಕ್ಷರ ನೋಡುವುದಾದರೆ ಆ ಕುರ್ಚಿಗೆ ವೈದ್ಯರೇ ಏಕೆ ಬೇಕು?

ನನ್ನ ಷರಾವನ್ನು ಹೊಡೆದುಹಾಕಿ, ತಪ್ಪು ಯಾರದೆಂದು ಪಕ್ಕದಲ್ಲೇ ಬರೆಯಿರಿ. ಅಕ್ಕನನ್ನು ಈ ವಾರವೇ ಮತ್ತೆ ಕರೆಸಿ, ಅರ್ಧ ಗಂಟೆ ಕೂರಿಸಿ, ಏಳುವಾಗ ನೋಡಿ. ಮೆಟ್ಟಿಲ ಬಳಿಯೂ ನೋಡಿ. ಲಾಂಡ್ರಿಯ ಉಳಿದವರನ್ನೂ ಹಾಗೇ ನೋಡಿ. ಮೇಲ್ವಿಚಾರಕರ ಷರಾ ಎಂಬ ಕಾಲಂ ತೆಗೆದುಹಾಕಿ.

ಅಕ್ಕ ಇಂದಿಗೂ ಆ ಪದ ತಮ್ಮದೆಂದೇ ನಂಬಿದ್ದಾಳೆ. ಮನೆಯಲ್ಲಿ ತಮ್ಮನ್ನು ಬೈಯುತ್ತಾಳೆ, ನಾನು ಹೂಂಗುಟ್ಟುತ್ತೇನೆ. ಎರಡು ಸಲ ಹೇಳಲೆಂದು ಬಾಯಿ ತೆರೆದು, ಊಟಕ್ಕೇನು ಎಂದು ಕೇಳಿದೆ. ಕೆಲಸಕ್ಕೆ ಹೊರಡುವ ಮುಂಚೆ ಅವಳು ಈ ಪತ್ರ ಅಚ್ಚಾಗುತ್ತಿರುವ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾಳೆ. ಇವತ್ತೂ ಓದುತ್ತಾಳೆ.

ಇಂತಿ,
ಎದುರು ಕೂತು ಹೇಳಲಾರದೆ ಊರಿಗೆಲ್ಲ ಹೇಳಿದವನು,
ಲಾಂಡ್ರಿ ಮೇಲ್ವಿಚಾರಕ