ಕೊನೆಯಿಂದ ಹೇಳು

ಹದಿನಾಲ್ಕನೇ ತಾರೀಖು, ಮಂಗಳವಾರ.

ಅಪ್ಪನ ಆ ನಗು ಕಣ್ಣಿಂದ ಹೋಗುತ್ತಿಲ್ಲ. ಎದ್ದು ಹೋಗಿ ಒದ್ದು ಬರಬೇಕು ಅನ್ನಿಸುತ್ತಿದೆ.

ಅಮ್ಮ ಸಂಜೆ ತಡವಾಗಿ ಬಂದಳು. ಟೈಲರ್ ಅಂಗಡಿಗೆ ಹೋಗಿದ್ದೆ ಅಂದಳು. ಅಪ್ಪ ಇನ್ನೂ ಯೂನಿಫಾರ್ಮ್ ಬಿಚ್ಚಿರಲಿಲ್ಲ. ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, "ಕೊನೆಯಿಂದ ಹೇಳು" ಅಂದ. ಸ್ಟೇಷನ್ನಿನಲ್ಲಿ ಕಳ್ಳರಿಗೂ ಹೀಗೇ ಮಾಡುತ್ತಾನೆ. ಸುಳ್ಳನ್ನು ಮೊದಲಿಂದ ಕಟ್ಟಿರುತ್ತಾರಂತೆ, ಹಿಂದುಮುಂದಾಗಿ ಹೇಳಿಸಿದರೆ ಕಳಚಿ ಬೀಳುತ್ತದಂತೆ. ನಾನು ಸ್ಕೂಲಿಗೆ ಚಕ್ಕರ್ ಹೊಡೆದಿದ್ದನ್ನೂ ಹೀಗೇ ಕಕ್ಕಿಸಿದ್ದ.

"ರೀ, ಸುಸ್ತಾಗಿದೆ, ಬಿಡ್ರೀ."

"ಬಾಗಿಲು ತಟ್ಟೋಕೆ ಮುಂಚೆ ಎಲ್ಲಿದ್ದೆ?"

"ಬಸ್ಸಲ್ಲಿ."

"ಅದಕ್ಕೂ ಮುಂಚೆ?"

"ಟೈಲರ್ ಹತ್ರ."

"ಮಂಗಳವಾರ ಅವನಂಗಡಿ ಬಾಗಿಲು ತೆಗೆಯಲ್ಲ ಕಣೇ."

ಅಮ್ಮ ಚೀಲದಿಂದ ಆಸ್ಪತ್ರೆ ಕಾಗದ ತೆಗೆದುಕೊಟ್ಟಳು. ಎದೆಯಲ್ಲಿದ್ದ ಗಂಟು ಕ್ಯಾನ್ಸರ್ ಅಂತೆ. ಅಕ್ಕನ ಹೆರಿಗೆ ಆಗುವವರೆಗೆ ಬಾಯಿ ಬಿಡಬಾರದು ಅಂದುಕೊಂಡಿದ್ದಳಂತೆ.

ಕಾಗದ ಬಿಚ್ಚುವಾಗ ಅಪ್ಪ ನಕ್ಕ. ಕಳ್ಳ ಸಿಕ್ಕಿಬಿದ್ದಾಗ ನಗುವ ನಗು. ಓದಿ ಮುಗಿಸಿದರೂ ಅದು ಮೋರೆಯಿಂದ ಇಳಿದಿರಲಿಲ್ಲ.

"ಶಹಬ್ಬಾಸ್ ಅಪ್ಪ, ಒಳ್ಳೇ ಕೇಸ್ ಹಿಡಿದೆ. ಬೇಡಿ ಹಾಕು" ಅಂದೆ.

ಅಮ್ಮ ನನಗೇ ಬೈದಳು. "ಬಾಯ್ಮುಚ್ಚೋ. ಅವರಿಗೆ ಬೇರೆ ಥರ ಕೇಳೋಕೆ ಬರಲ್ಲ."

ಗೋಡೆಯಾಚೆ ಅಪ್ಪ ಈಗಲೂ ಕೇಳುತ್ತಲೇ ಇದ್ದಾನೆ. ಯಾವತ್ತು ಗೊತ್ತಾಯ್ತು, ಜೊತೆಗೆ ಯಾರಿದ್ರು, ಡಾಕ್ಟರ್ ಏನಂದ್ರು. ದನಿ ನಡುಗುತ್ತಿದೆ, ಪ್ರಶ್ನೆ ಮಾತ್ರ ನಿಲ್ಲುತ್ತಿಲ್ಲ. ನೋವಿದೆಯಾ ಅಂತ ಒಂದು ಸಲವೂ ಕೇಳಿಲ್ಲ ಆ ಮನುಷ್ಯ.

ನಾನೂ ಕೇಳಿಲ್ಲ.