ಹಿತ್ತಲಿಗೆ ಸಜ್ಜೆಯ ಬೇಲಿ

ತಂಗಿ ವಸೀಮಾ,

ಲಿಂಗಸುಗೂರಿನ ಬಸ್ಸಿಗೆ ಹೊರಟೆ. ಹಿತ್ತಲ ಹಿಂದೆ ಚಹಾದಂಗಡಿ ಬಂದಾಗಿನಿಂದ, ಅಲ್ಲಿ ಕೂತವರ ಕಣ್ಣಿಗೆ ಬೇಸತ್ತು ನೀನು ಗುಂಡು ಎಸೆತದ ಅಭ್ಯಾಸವನ್ನೇ ಬಿಟ್ಟೆ. ನಾನು ನಕ್ಕೆ. ನಗಬಾರದಿತ್ತು.

ನಿನ್ನೆ ನರ್ಸರಿಯಲ್ಲಿ ಬೇಲಿಗೆ ಮದರಂಗಿ ಕೇಳಿದೆ. ‘ಎರಡ್ ವರ್ಷದಾಗ ಗ್ವಾಡಿ ಆಗ್ತೈತ್ರೀ’ ಎಂದ ಅಲ್ಲಿಯ ಮಾಲಿ. ನಿನ್ನ ಪೊಲೀಸ್ ಭರ್ತಿಯ ಪರೀಕ್ಷೆ ಮೂರೇ ತಿಂಗಳಿಗೆ! ಸಂತೆಕಲ್ಲೂರಿಗೆ ಫೋನ್ ಮಾಡಿ ದಾದಾನನ್ನು ಕೇಳಿದರೆ (ಮುದುಕನ ಕೆಮ್ಮು ಸೇರಿಸಿ ಓದು): ‘ಸಜ್ಜಿ ಬಿತ್ತಲೇ ಮಂಜೂರ್! ಐವತ್ತು ದಿನಕ್ಕ ಅದರಾಗ ಎತ್ತೇ ಕಾಣಂಗಿಲ್ಲ, ಆ ಹುಡುಗಿ ಏನ್ ಕಾಣತಾಳ?’ ಬೇಲಿ ಎದ್ದು ಹೊಲ ಮೇಯುವುದನ್ನು ಕೇಳಿದ್ದೇವೆ. ನಮ್ಮಲ್ಲಿ ಹೊಲವೇ ಎದ್ದು ಬೇಲಿಯಾಗಲಿ.

ತಂತಿಯ ಉದ್ದಕ್ಕೂ ಮೂರು ಸಾಲು ಬಿತ್ತಿದ್ದೇನೆ. ಸಂಜೆ ನೀರು ಹಾಕು. ಕೋಳಿಗಳನ್ನು ಅತ್ತ ಬಿಡಬೇಡ. ಸಜ್ಜೆ ಏಳುವತನಕ ಇರಲಿ ಎಂದು ಬಟ್ಟೆಯ ಹಗ್ಗಕ್ಕೆ ಚಾದರಗಳನ್ನು ಇಳಿಬಿಟ್ಟಿದ್ದೇನೆ. ಅಮ್ಮಿ ಬೈದರೆ ನನ್ನ ಹೆಸರು ಹೇಳು. ಅಕ್ಕಿ ಡಬ್ಬಿಯ ಹಿಂದೆ ನೀನು ಅಡಗಿಸಿಟ್ಟ ಗುಂಡನ್ನು ಹಿತ್ತಲ ಬಾಗಿಲಲ್ಲಿ ಇಟ್ಟಿದ್ದೇನೆ.

ಪರೀಕ್ಷೆಯ ದಿನ ಮೈದಾನದ ತುಂಬ ಜನ ನೋಡುತ್ತಾರೆ. ನೋಡಲಿ. ಕೈ ಜಾರುವುದು, ಕಾಲು ತಪ್ಪುವುದು, ಅವನ್ನೆಲ್ಲ ಯಾರೂ ನೋಡದಂತೆ ಇಲ್ಲೇ ಮುಗಿಸಿಕೋ.

ಮಂಜೂರ್